ಇಪ್ಪತ್ತಮೂರನೇ ಮನೆಯ ಸೊನ್ನೆ

ಚಿತ್ತರಂಜನನಿಗೆ ಝೈನಬಳ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಲೋಟ ಚಾದಿಂದ. ನಗಬೇಡಿ, ನಿಜ ಸಂಗತಿ. 1979ರ ಆಗಸ್ಟಿನ ಒಂದು ಬೆಳಿಗ್ಗೆ ಕಂಕನಾಡಿಯ ಗುಲಾಬಿಯಕ್ಕನ ಜಗಲಿಯಲ್ಲಿ ಅವನು ಚಪ್ಪಲಿ ಕಳಚಿ ಕಾಲು ಗಂಟೆಯಿಂದ ನಿಂತಿದ್ದ. ಝೈನಬ್ ಆಗಲೇ ಒಳಗೆ ಹೋಗಿ, ಮಲಗುವ ಕೋಣೆಯಲ್ಲಿ ಟಾರ್ಚು ಬಿಟ್ಟು, ಅಡಿಗೆಮನೆಯಲ್ಲಿ ಚಾ ಕುಡಿದು, ಬಾಯಿ ಒರೆಸುತ್ತಾ ಹೊರಗೆ ಬಂದಳು. ಅವಳ ಗಾಜಿನ ಕೊಳವೆಗಳಲ್ಲಿ ಹನ್ನೆರಡು ಸೊಳ್ಳೆಗಳಿದ್ದವು. ಇವನದು ಖಾಲಿ.

ಇಬ್ಬರೂ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಒಸ್ವಾಲ್ಡ್ ಸರ್ ಕೈಕೆಳಗೆ ಸಂಶೋಧನೆಗೆ ಸೇರಿದವರು. ರಕ್ತ ಕುಡಿದ ಸೊಳ್ಳೆ ಹಗಲು ಎಲ್ಲಿ ಕೂತು ಸುಧಾರಿಸಿಕೊಳ್ಳುತ್ತದೆ, ಕುಡಿದದ್ದು ದನದ ರಕ್ತವೋ ಮನುಷ್ಯರದೋ, ಊರಿನ ಬಾವಿ ಟ್ಯಾಂಕಿಗಳಿಗೂ ಮಲೇರಿಯಕ್ಕೂ ನಂಟು ಎಂಥದು, ಇವಿಷ್ಟು ಅವರು ಕಂಡುಹಿಡಿಯಬೇಕಾದದ್ದು. ಆರಿಸಿದ್ದು ನಲವತ್ತು ಮನೆ. ಮೊದಲ ವಾರ ಜೊತೆಯಾಗಿ ಹೋಗಿ ಪರಿಚಯ ಮಾಡಿಕೊಂಡ ಮೇಲೆ ಒಂದೊಂದು ಮನೆಗೂ ಇಬ್ಬರೂ ಬೇರೆ ಬೇರೆ ದಿನ ಹೋಗಬೇಕು. ಬೆಳಿಗ್ಗೆ ಆರರಿಂದ ಎಂಟರೊಳಗೆ ಮಂಚದ ಅಡಿ, ನೇತುಹಾಕಿದ ಬಟ್ಟೆಯ ಮರೆ ಹುಡುಕಿ, ಕೊಳವೆಯಲ್ಲಿ ಸೊಳ್ಳೆಯನ್ನು ಬಾಯಿಂದ ಎಳೆದು ಹಿಡಿಯಬೇಕು. ಆಮೇಲೆ ಫಾರಂ ತುಂಬಬೇಕು. ಅದರಲ್ಲಿ ಮೂರು ಕಾಲಂ: ಮಲಗುವ ಕೋಣೆ, ಅಡಿಗೆಮನೆ, ದನದ ಹಟ್ಟಿ.

ಬೆಳಗಾಗುತ್ತಲೇ ಬಂದ ಇಪ್ಪತ್ನಾಲ್ಕರ ಗಂಡಸನ್ನು ಯಾರು ಮಲಗುವ ಕೋಣೆಗೆ ಬಿಡುತ್ತಾರೆ ಹೇಳಿ. ಗುಲಾಬಿಯಕ್ಕ ಬಾಗಿಲಿಗೆ ಅಡ್ಡ ನಿಂತೇ ಹೇಳಿದ್ದಳು. “ಒಳಗೆ ಮಗಳು ಮಲಗಿದ್ದಾಳೆ ಮಾರಾಯ್ರೆ. ಹಿಂದೆ ಹಟ್ಟಿ ಉಂಟಲ್ಲ, ಎಷ್ಟು ಬೇಕಾದರೂ ಹಿಡಿದುಕೊಳ್ಳಿ.” ಬಂಟರ ಮನೆಯಲ್ಲೂ ಅದೇ, ಬ್ಯಾರಿಗಳ ಮನೆಯಲ್ಲೂ ಅದೇ, ಕ್ರಿಶ್ಚಿಯನ್ನರ ಮನೆಯಲ್ಲೂ ಅದೇ. ಚಿತ್ತರಂಜನ ಸಗಣಿ ಮೆಟ್ಟಿಕೊಂಡು ಹಟ್ಟಿ ಹಟ್ಟಿ ಸುತ್ತಿದ. ಉಳಿದ ಎರಡು ಕಾಲಂ ಖಾಲಿ ಬಿಟ್ಟ. ಖಾಲಿ ಫಾರಂ ತೆಗೆದುಕೊಳ್ಳುವುದಿಲ್ಲ ಎಂದು ಆಫೀಸಿನವರು ಎರಡು ಸಲ ವಾಪಸು ಕೊಟ್ಟರು. ಮೂರನೇ ಸಲ ಅವನು ಆ ಜಾಗದಲ್ಲಿ ಸೊನ್ನೆ ಹಾಕಿದ. ಯಾರೂ ಏನೂ ಅನ್ನಲಿಲ್ಲ. ಅಲ್ಲಿಂದ ಅದೇ ರೂಢಿಯಾಯಿತು.

ಝೈನಬಳ ಸಂಗತಿಯೇ ಬೇರೆ. ಬಂದರಿನ ವ್ಯಾಪಾರಿ ಹಸೈನಾರರ ಮಗಳು ಅವಳು. ಅವರ ಓಣಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಅಣ್ಣ ಅಬ್ದುಲ್ಲ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ, ಎಂಟಕ್ಕೆ ಬಂದು ಕರೆದೊಯ್ಯುತ್ತಿದ್ದ. ಯಾವ ಮನೆಯ ಬಾಗಿಲೂ ಅವಳಿಗೆ ಮುಚ್ಚುತ್ತಿರಲಿಲ್ಲ. ದನಗಳೆಂದರೆ ಮಾತ್ರ ಅವಳಿಗೆ ಜೀವಭಯ. ಹಟ್ಟಿಯ ಕಾಲಂನಲ್ಲಿ ಪ್ರತಿ ಸಲ “ನೋಡಿಲ್ಲ, ದನ ಹಾಯುತ್ತದೆ” ಎಂದು ಬರೆದು ಕೊಡುತ್ತಿದ್ದಳು. ಆಫೀಸಿನವರು ಅವಳದನ್ನೂ ವಾಪಸು ಮಾಡಿದರು. ಅವಳು ಮತ್ತೆ ಅದನ್ನೇ ಬರೆದಳು. ಚಿತ್ತರಂಜನ ಈ ಸುದ್ದಿಯನ್ನು ಕ್ಯಾಂಟೀನಿನಲ್ಲಿ ಹೇಳಿ ಹೇಳಿ ನಕ್ಕ.

ನಗುವುದೇನೋ ನಕ್ಕ, ಹೊಟ್ಟೆಯೊಳಗಿನ ಉರಿ ಆರಬೇಕಲ್ಲ. ಒಸ್ವಾಲ್ಡ್ ಸರ್ ಬೆಳಿಗ್ಗೆ ಬಂದವರೇ ಅವಳ ಕೊಳವೆಗಳನ್ನು ಬೆಳಕಿಗೆ ಹಿಡಿಯುತ್ತಿದ್ದರು. ಇವನದರ ಕಡೆಗೆ ಕಣ್ಣು ಹಾಯಿಸುವಷ್ಟರಲ್ಲಿ ಅವರಿಗೆ ಕ್ಲಾಸಿನ ಹೊತ್ತಾಗುತ್ತಿತ್ತು. ಅವಳಿಲ್ಲದಾಗ ಚಿತ್ತರಂಜನ ಅವಳು ಗುರುತಿಸಿಟ್ಟ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದ. ಇನ್ನೂರಕ್ಕೂ ಮೇಲೆ ನೋಡಿದ. ಒಂದೂ ತಪ್ಪಿರಲಿಲ್ಲ. ಆ ಸಂಜೆ ಅವನಿಗೆ ಊಟ ಸೇರಲಿಲ್ಲ. ಹಾಗಾದರೆ ಇವಳು ಸೊಳ್ಳೆಯನ್ನು ಮನೆಯಲ್ಲೇ ಸಾಕಿ ತರುತ್ತಾಳೆ ಎಂದು ತೀರ್ಮಾನಿಸಿದ, ನಾಲ್ಕು ಜನರ ಹತ್ತಿರ ಅಂದೂಬಿಟ್ಟ.

ಮನೆಯಲ್ಲೂ ಇದೇ ರಾಮಾಯಣ. ಮನೆ ಕಂಕನಾಡಿ ಪೇಟೆಯ ಹಿಂದೆ. ಗದ್ದೆಗಳೆಲ್ಲ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಒಕ್ಕಲಿನವರಿಗೆ ಹೋದ ಮೇಲೆ ಅಪ್ಪ ಲೋಕನಾಥ ಅಲ್ಲೊಂದು ಹೋಟೆಲು ಹಾಕಿದ್ದರು. ಹೋಟೆಲಿನ ಹಾಲಿಗೆಂದು ಮನೆಯ ಹಿಂದೆ ಎರಡು ದನ. ಅಮ್ಮ ರತ್ನಾವತಿ ಬಡಿಸುವಾಗ ಮಗ “ಝೈನಬ್ ಹಾಗೆ ಮಾಡಿದಳು, ಹೀಗೆ ಅಂದಳು” ಎನ್ನುತ್ತಾ ಗಂಜಿ ಆರಿಸುತ್ತಿದ್ದ. 1981ರ ಅಕ್ಟೋಬರಿನಲ್ಲಿ ಅಮ್ಮ ಎರಡು ಮೂರು ಸಲ, ಮಧ್ಯಾಹ್ನವಾದರೆ ಚಳಿ ಹಿಡಿಯುತ್ತದೆ, ದಿನ ಬಿಟ್ಟು ದಿನ ಬರುತ್ತದೆ ಎಂದಳು. ಅವನು ಕಷಾಯ ಕುಡಿ ಎಂದು ಹೇಳಿ ಮತ್ತೆ ಝೈನಬಳಿಗೆ ಬಂದ. ಮಲೇರಿಯದ ಮೇಲೆ ಎರಡು ವರ್ಷ ಓದಿದ ಮನುಷ್ಯ ಇವನು, ಕೇಳಿ.

ಆ ನಲವತ್ತರಲ್ಲಿ ಇಪ್ಪತ್ತಮೂರನೇ ನಂಬರು ಇವರದೇ ಮನೆ. ಅಲ್ಲಿ ಅವನನ್ನು ಅಡ್ಡಗಟ್ಟುವವರು ಯಾರೂ ಇರಲಿಲ್ಲ. ಆದರೆ ಬೆಳಿಗ್ಗೆ ಬೇರೆ ಮನೆಗಳಿಗೆ ಓಡುವ ಅವಸರ. ತನ್ನ ಮನೆಯ ಫಾರಂ ಅವನು ಬಸ್ಸಿನಲ್ಲಿ ಕೂತು ತುಂಬುತ್ತಿದ್ದ. ಹಟ್ಟಿಯಲ್ಲಿ ಹಿಂದಿನ ಸಂಜೆ ಎಣಿಸಿದ್ದು ಹದಿನೈದೋ ಇಪ್ಪತ್ತೋ. ಮಲಗುವ ಕೋಣೆಗೆ ಸೊನ್ನೆ, ಅಡಿಗೆಮನೆಗೆ ಸೊನ್ನೆ.

ನವೆಂಬರಿನಲ್ಲಿ ದೆಹಲಿಯಿಂದ ಇಬ್ಬರು ಪರೀಕ್ಷಕರು ಬಂದರು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಪಿಎಚ್‌ಡಿಗೆ ಮುಂದುವರಿಸುವುದೆಂದು ಮೊದಲೇ ಗೊತ್ತಿತ್ತು. ಚಿತ್ತರಂಜನ ಮೂರು ವಾರ ಕೂತು ತಯಾರಿ ಮಾಡಿದ. ಈ ಊರಿನ ಸೊಳ್ಳೆ ದನವನ್ನೇ ನಂಬಿ ಬದುಕುತ್ತದೆ, ಮನೆಯೊಳಗೆ ಕೂರುವುದೇ ಇಲ್ಲ ಎಂಬುದು ಅವನ ವಾದ. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದನೇನೋ. ಎರಡು ಪಟ್ಟಿಗಳನ್ನು ಬೋರ್ಡಿಗೆ ಅಂಟಿಸಿದ. ಇಪ್ಪತ್ತಮೂರನೇ ಮನೆ, ಒಂದೇ ವಾರ. ಮಲಗುವ ಕೋಣೆಯಲ್ಲಿ ಅವನದು ಸೊನ್ನೆ, ಅವಳದು ಹನ್ನೊಂದು. ಇದು ನಾನು ಹುಟ್ಟಿ ಬೆಳೆದ ಮನೆ, ಇಲ್ಲಿ ಯಾರ ಲೆಕ್ಕ ಸುಳ್ಳೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂದ. ಹೇಳುವಾಗ ಅವನ ಮೈಯೆಲ್ಲ ತಣ್ಣಗಾಗಿ, ಎರಡು ವರ್ಷದ ಉರಿ ಇಳಿದಂತಾಯಿತು.

ಪರೀಕ್ಷಕರು ಝೈನಬಳ ಕಡೆ ತಿರುಗಿದರು. ಅವಳು ಎದ್ದು ನಿಂತಳು. ಜಗಳಕ್ಕೆ ಬಂದ ಧ್ವನಿಯಲ್ಲ.

“ಅವರ ಅಮ್ಮನ ಮಂಚದ ಅಡಿಯಲ್ಲಿ ಸರ್, ಹನ್ನೊಂದು. ಹೊಟ್ಟೆಯಲ್ಲಿದ್ದದ್ದು ಮನುಷ್ಯರ ರಕ್ತ, ರಿಪೋರ್ಟು ಬಂದಿದೆ. ಅಮ್ಮನಿಗೆ ಚಳಿಜ್ವರ ಇತ್ತು. ಬೆರಳಿನ ರಕ್ತ ತೆಗೆದು ನೋಡಿಸಿದೆ, ಮಲೇರಿಯ.” ಆಮೇಲೆ ಚಿತ್ತರಂಜನನ ಕಡೆ ನೋಡಿ ಕೇಳಿದಳು. “ಅಮ್ಮ ನಿಮಗೆ ಹೇಳಲಿಲ್ಲವಾ?”

ಹಿರಿಯ ಪರೀಕ್ಷಕರು ಎರಡೂ ಫಾರಂ ಕಟ್ಟುಗಳನ್ನು ತರಿಸಿ ಪಕ್ಕಪಕ್ಕ ಇಟ್ಟು ಮಗುಚಿದರು. ಒಂದರಲ್ಲಿ ಪುಟಪುಟಕ್ಕೂ ನೋಡಿಲ್ಲ, ನೋಡಿಲ್ಲ. ಇನ್ನೊಂದರಲ್ಲಿ ಸೊನ್ನೆ, ಸೊನ್ನೆ. ಒಳಗೆ ಹೋಗಿ ನೋಡಿ ಹಾಕಿದ ಸೊನ್ನೆ ಎಷ್ಟು ಎಂದು ಅವರು ಕೇಳಿದರು. ಚಿತ್ತರಂಜನ ಬೋರ್ಡಿನ ಪಟ್ಟಿಗಳನ್ನು ಕಿತ್ತು ಮಡಿಸತೊಡಗಿದ. ಒಸ್ವಾಲ್ಡ್ ಸರ್ ಕನ್ನಡಕ ತೆಗೆದು ಒರೆಸುತ್ತಾ ಕೂತರು, ತಲೆ ಎತ್ತಲಿಲ್ಲ.

ಅವನು ಮನೆಗೆ ಬಂದಾಗ ಅಮ್ಮ ಹಿಂಬದಿಯಲ್ಲಿ ದನಕ್ಕೆ ಅಕ್ಕಚ್ಚು ಇಡುತ್ತಿದ್ದಳು. ಮುಖ ಸೊರಗಿತ್ತು. ಇಷ್ಟು ಸೊರಗಿದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ಯಾಕೆ ತನಗೆ ಹೇಳಲಿಲ್ಲ ಎಂದು ರೇಗಿದ. ಅಮ್ಮನಿಗೂ ಸಿಟ್ಟು ಬಂತು.

“ಹೇಳಿದೆ ಮಗಾ, ಮೂರು ಸಲ ಹೇಳಿದೆ. ನೀನು ಆ ಹುಡುಗಿಯ ವಿಷಯವೇ ಮಾತಾಡ್ತಿದ್ದೆ. ಎಂತ ಹುಡುಗಿ ನೋಡುವ ಅಂತ ನಾನೇ ಒಳಗೆ ಕರೆದು ಕೂರಿಸಿದೆ. ಮಾತ್ರೆ ಅವಳೇ ತಂದುಕೊಟ್ಟಳು. ಕಹಿಯೆಂದು ನಾನು ಬಿಟ್ಟುಬಿಡ್ತೇನೋ ಅಂತ ಎದುರು ಕೂತು ನುಂಗಿಸಿದಳು.”

ಅಮ್ಮ ಗುಣವಾದದ್ದಕ್ಕೆ ಸಮಾಧಾನಪಡಬೇಕಿತ್ತು. ಅವನಿಗಾದದ್ದು ಹೊಟ್ಟೆಕಿಚ್ಚೇ, ಹಿಂದೆಂದೂ ಇಲ್ಲದಷ್ಟು. ನಲವತ್ತು ಮನೆ ಹೋಗಲಿ, ಪಿಎಚ್‌ಡಿ ಹೋಗಲಿ, ತನ್ನ ಮನೆಯ ಮಂಚದ ಹತ್ತಿರ ತಾನು ಕೂರಬೇಕಾದ ಜಾಗದಲ್ಲೂ ಅವಳೇ ಕೂತಿದ್ದಳಲ್ಲ ಎಂದು ಹಟ್ಟಿಯ ಕಂಬಕ್ಕೆ ಒರಗಿ ಅತ್ತ. ಅಮ್ಮ ಕಂಡರೂ ಕಾಣದ ಹಾಗೆ ಬಾಲ್ದಿ ಎತ್ತಿಕೊಂಡು ಒಳಗೆ ಹೋದಳು.

ಪಿಎಚ್‌ಡಿ ಝೈನಬಳಿಗೆ ಆಯಿತು. ಚಿತ್ತರಂಜನ ಮುಂದಿನ ಜೂನ್‌ನಲ್ಲಿ ಬೈಕಂಪಾಡಿ ಕಡೆಯ ಒಂದು ಹೈಸ್ಕೂಲಿಗೆ ಮಾಸ್ತರನಾಗಿ ಸೇರಿದ. ಹೊರಡುವ ಮೊದಲು ಫಾರಂಗಳನ್ನು ತಿದ್ದಿ ಕೊಡು ಎಂದಿದ್ದರು ಒಸ್ವಾಲ್ಡ್ ಸರ್. ನೋಡದೆ ಹಾಕಿದ ಸೊನ್ನೆಗಳನ್ನು ಅವನು ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ “ನೋಡಿಲ್ಲ” ಎಂದು ಬರೆದ. ಅದಕ್ಕೆ ಒಂಬತ್ತು ದಿನ ಹಿಡಿಯಿತು.

ಹತ್ತನೇ ದಿನ ಉಳಿದದ್ದು ಇಪ್ಪತ್ತಮೂರನೇ ಮನೆ. ಬೆಳಿಗ್ಗೆ ಆರಕ್ಕೆ ಅಮ್ಮನನ್ನು ಎಬ್ಬಿಸಿ, ಟಾರ್ಚು ಹಿಡಿದು ಮಂಚದ ಅಡಿಗೆ ತೂರಿದ. ಗೋಡೆಯ ಮೂಲೆಯಲ್ಲಿ, ಹಳೆಯ ಟ್ರಂಕಿನ ಹಿಂದೆ, ಮಡಿಸಿಟ್ಟ ಚಾಪೆಯ ನೆರಿಗೆಯಲ್ಲಿ ಒಂದೊಂದನ್ನೇ ಎಳೆದುಕೊಂಡ. ಹೊರಗೆ ಬಂದಾಗ ತಲೆ ತುಂಬಾ ಜೇಡರ ಬಲೆ. ಎಷ್ಟು ಸಿಕ್ಕಿತು ಎಂದು ಅಮ್ಮ ಕೇಳಿದಳು.

“ಹದಿನಾಲ್ಕು,” ಎಂದ ಚಿತ್ತರಂಜನ. “ಅವಳಿಗಿಂತ ಮೂರು ಹೆಚ್ಚು.”