ಐವತ್ನಾಲ್ಕು ಸುತ್ತು

ರೇವಣ ಕಾಕಾ ಎಣಿಸುತ್ತಿದ್ದರೆ ಅಂಗಡಿಗೆ ಬಂದವರು ಹೊಸ್ತಿಲಲ್ಲೇ ನಿಲ್ಲಬೇಕಿತ್ತು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಬಲಗೈ ಚಕ್ರದ ಹಿಡಿಕೆ ತಿರುಗಿಸುತ್ತಿತ್ತು. ಎಡಗೈಯ ಹೆಬ್ಬೆರಳು, ನಡುಬೆರಳುಗಳ ನಡುವೆ ತಂತಿ ಜಾರುತ್ತಿತ್ತು. ತೋರುಬೆರಳು ಮಾತ್ರ ಬಂದವರ ಕಡೆಗೆ ನೆಟ್ಟಗೆ ಎದ್ದಿರುತ್ತಿತ್ತು. ಬಾಯಿ ಮುಚ್ಚಿ ನಿಲ್ಲು ಎಂದು ಅದರ ಅರ್ಥ. ರೈತರು ನಿಂತಿದ್ದಾರೆ, ಪೊಲೀಸರು ನಿಂತಿದ್ದಾರೆ, ಮಠದ ಬೋರಿನ ಮೋಟಾರು ತಂದಿದ್ದ ಒಬ್ಬ ಸ್ವಾಮಿಗಳೂ ನಿಂತಿದ್ದಾರೆ. ಮಗಳು ಅಂಬಿಕಾ ಹುಟ್ಟಿದ ಸುದ್ದಿಯನ್ನು ಆಸ್ಪತ್ರೆಯಿಂದ ಓಡುತ್ತ ತಂದ, ಕಾಕಾನ ಹೆಂಡತಿ ಕಾಕುವಿನ ತಮ್ಮ ಕೂಡ ಇಪ್ಪತ್ತೆರಡು ಸುತ್ತು ಮುಗಿಯುವವರೆಗೆ ಬಾಯಿ ಬಿಡಲಾಗದೆ ನಿಂತಿದ್ದನಂತೆ.

ಕಾಕು ಇದನ್ನು ಮಗಳಿಗೆ ಹೇಳಿ ಹೇಳಿ ನಗುತ್ತಿದ್ದರು. “ನಿಮ್ಮಪ್ಪಗ ಮಗಳು ಬ್ಯಾರೆ ಅಲ್ಲ, ಗಿರಾಕಿ ಬ್ಯಾರೆ ಅಲ್ಲ. ನೀನೂ ಲೈನ್‌ನ್ಯಾಗ ನಿಂತೇ ಹುಟ್ಟೀದಿ.”

“ಹುಟ್ಟಿದ್ದು ವಾಪಸ್ ಹೋಗೂದಿತ್ತೇನು?” ಎನ್ನುತ್ತಿದ್ದರು ಕಾಕಾ. “ಸುತ್ತು ತಪ್ಪಿದ್ರ ಮೋಟಾರ್ ಹೋಗ್ತಿತ್ತು.”

ಬಸವಕಲ್ಯಾಣದಲ್ಲಿ ಅವರ ಅಂಗಡಿಯ ಎದುರೇ ನಮ್ಮ ಮನೆ. ಅಂಬಿಕಾ ಮತ್ತು ನಾನು ಒಂದನೇ ತರಗತಿಯಿಂದ ಒಂದೇ ಬೆಂಚಿನವರು. ಎಂಟನೇ ತರಗತಿಯಿಂದ ನಾನು ದಿನಚರಿ ಬರೆಯುತ್ತೇನೆ. ಬರೆಯಲು ಏನೂ ಇಲ್ಲದ ದಿನ ಕಿಟಕಿಯಲ್ಲಿ ಕುಳಿತು ಕಾಕಾನ ಅಂಗಡಿಗೆ ಎಷ್ಟು ಮೋಟಾರು ಬಂದವೆಂದು ಗೀಟು ಹಾಕುತ್ತಿದ್ದೆ. ಅದು ಗೊತ್ತಾದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಲೆಕ್ಕ ಬರೆಯುವ ಮುನಶಿ ಎಂದೇ ಕರೆದರು. “ಬಾ ಮುನಶಿ, ಇವತ್ತ ಎಷ್ಟ ಗೀಟ್ ಎಳದಿ?” ಎಂದು ಕೇಳುತ್ತಿದ್ದರು. ನಾನು ಹೇಳಿದ ಸಂಖ್ಯೆಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ಸಂಖ್ಯೆಯೊಂದಿಗೆ ತಾಳೆ ನೋಡಿ, ಸರಿಯಿದ್ದರೆ ತಲೆಯಾಡಿಸುತ್ತಿದ್ದರು. ನನ್ನ ಮನೆಯಲ್ಲಿ ಯಾರೂ ನನ್ನ ನೋಟುಬುಕ್ಕನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಹೊಸ ಯಂತ್ರಗಳ ಬಗ್ಗೆ ಕಾಕಾನಿಗೆ ದ್ವೇಷವಿರಲಿಲ್ಲ, ಅನುಮಾನವಿತ್ತು. ಒಮ್ಮೆ ಲಾತೂರಿನಿಂದ ಬಂದ ಏಜೆಂಟನೊಬ್ಬ ತಾನೇ ಸುತ್ತು ಎಣಿಸುವ ಮಷಿನ್ ತೋರಿಸಿದ. ಕೆಂಪು ಅಂಕಿಗಳು ಒಂದೊಂದಾಗಿ ಏರುವುದನ್ನು ಕಾಕಾ ಕೊನೆಯವರೆಗೂ ನೋಡಿದರು. ಆಮೇಲೆ ಹೇಳಿದರು: “ಎಣಿಸ್ತದ, ಖರೇ. ಆದ್ರ ತಪ್ಪಿದಾಗ ಇದರ ಎದಿ ಧಸಕ್ ಅಂತದೇನು? ಎದಿ ಧಸಕ್ ಅನ್ನಲಾರದ್ದು ಎಣಿಕಿ ಅಲ್ಲಪ್ಪಾ.” ಅಂಬಿಕಾ ಫೋನಿನಲ್ಲಿ ವೈಂಡಿಂಗ್ ಕಲಿಸುವ ವಿಡಿಯೋ ತೋರಿಸಿದಾಗಲೂ ಅಷ್ಟೇ. “ಕೈ ಚಂದ ಅದ ಅವಂದು. ಆದ್ರ ಅವಗ ಸಿಟ್ಟೇ ಬರೂದಿಲ್ಲ. ಸಿಟ್ಟ ಬರಲಾರದವ ಏನ ಕಲಿಸ್ತಾನ?”

ಈ ಮಾತಿನ ಹಿಂದೆ ಅವರ ಅಪ್ಪ ಇದ್ದರು. ಅವರೂ ಇದೇ ಕೆಲಸದವರು. ಮಗ ಸುತ್ತಿದ ಕಾಯಿಲು, ಅಂದರೆ ತಂತಿಯ ಸುರುಳಿ, ತಪ್ಪಿದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕಟರ್ ತೆಗೆದುಕೊಂಡು ಕಾಯಿಲನ್ನು ಅಡ್ಡಡ್ಡ ಕತ್ತರಿಸಿ ನೆಲಕ್ಕೆ ಹಾಕುತ್ತಿದ್ದರಂತೆ. ಎಲ್ಲಿ ತಪ್ಪಿತೆಂದು ಹೇಳುವ ಪದ್ಧತಿ ಇರಲಿಲ್ಲ. ಮಗ ಮತ್ತೆ ಒಂದರಿಂದ ಶುರು ಮಾಡಬೇಕು. “ಎರಡ ವರ್ಷ ಕತ್ತರಿಸ್ಯಾನ ನಮ್ಮಪ್ಪ. ಅದಕ್ಕs ಇವತ್ತ ನನ್ನ ಕೈ ತಪ್ಪೂದಿಲ್ಲ” ಎಂದು ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರು. ಕಲಿಯುವುದೆಂದರೆ ಅವರಿಗೆ ಅದೇ. ಬೇರೆ ದಾರಿಯನ್ನು ಅವರು ನೋಡಿಯೇ ಇರಲಿಲ್ಲ.

ಅಂಬಿಕಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಿದಳು. ಉಳಿದ ವಿಷಯಗಳೆಲ್ಲ ಪಾಸಾದವು. ಮೋಟಾರುಗಳ ಪಾಠವೊಂದರಲ್ಲೇ ಎರಡು ಸಲ ಫೇಲಾದಳು. ಮೂರನೆಯದು ಕೊನೆಯ ಅವಕಾಶ. ಗಲ್ಲಿಯವರಿಗೆ ನಗಲು ಅಷ್ಟು ಸಾಕಾಯಿತು. “ಅಪ್ಪನ ಹೊಟ್ಟಿ ತುಂಬಿದ್ದೇ ಮೋಟಾರಿನಿಂದ, ಮಗಳು ಮೋಟಾರಿನ್ಯಾಗೇ ಫೇಲು” ಎಂದರು. ಅವಳು ಒಂದು ಸಂಜೆ ಅಪ್ಪನ ಮುಂದೆ ಬಂದು ಕುಳಿತಳು.

“ಅಪ್ಪಾ, ಸರ್ ಪರದೆ ಮ್ಯಾಲ ಚಿತ್ರ ತೋರಸ್ತಾರ. ನನಗ ತಲ್ಯಾಗ ಇಳೀವಲ್ದು. ಪರೀಕ್ಷಾತನಕ ನಿಮ್ಮ ಹತ್ರ ಕೂಡ್ತೀನಿ, ಕಲಸ್ರಿ. ಕೈಲೆ ಮಾಡಿದ್ರ ತಿಳೀತದ. ಈ ಸಲ ಹ್ವಾದ್ರ ಕಾಲೇಜ್ ಬಿಡೂದೇ ಮತ್ತ.”

ಕಾಕಾ ಮರುದಿನವೇ ಅವಳಿಗಾಗಿ ಒಂದು ಗಿಡ್ಡ ಸ್ಟೂಲು ಮಾಡಿಸಿ ತಂದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇಪ್ಪತ್ತಮೂರು ದಿನ ಅವಳು ಅಲ್ಲಿ ಕುಳಿತಳು. ಮೊದಲ ಇಪ್ಪತ್ತೆರಡು ದಿನಗಳಲ್ಲಿ ಕಾಕಾ ಅವಳ ಹನ್ನೊಂದು ಕಾಯಿಲು ಕತ್ತರಿಸಿದರು. ಮೊದಲ ವಾರ ಏಳು, ಎರಡನೆಯ ವಾರ ನಾಲ್ಕು, ಆಮೇಲೆ ಒಂದೂ ಇಲ್ಲ. ಅವಳ ಕೈ ಕುದುರುತ್ತಿತ್ತು.

ಇಪ್ಪತ್ತಮೂರನೆಯ ದಿನ ಭಾನುವಾರ. ರಾಜೇಶ್ವರ ಎಂಬ ಹಳ್ಳಿಯ ರೈತರೊಬ್ಬರ ಐದು ಎಚ್‌ಪಿ ಮೋಟಾರು, ಕಾಯಿಲಿಗೆ ಐವತ್ನಾಲ್ಕು ಸುತ್ತು. ಅಂಬಿಕಾ ಚಕ್ರ ತಿರುಗಿಸುತ್ತಿದ್ದಳು. ಕಾಕಾ ಕಣ್ಣು ಮುಚ್ಚಿ, ಹಿಡಿಕೆಯ ‘ಟಕ್’ ಸದ್ದನ್ನು ಕಿವಿಯಿಂದಲೇ ಎಣಿಸುತ್ತಿದ್ದರು. ನಾನು ಹೊಸ್ತಿಲಲ್ಲಿ ಕುಳಿತು ಗೀಟು ಹಾಕುತ್ತಿದ್ದೆ. ನಡುವೆ ಕಾಕಾನ ಫೋನು ಬಡಿದುಕೊಂಡಿತು. ಮೊದಲಾಗಿದ್ದರೆ ಅದು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಆದರೆ ಹಿಂದಿನ ವರ್ಷ ದೀಪಾವಳಿಯಿಂದ ಯುಗಾದಿವರೆಗೆ ನನ್ನ ಪುಸ್ತಕದಲ್ಲಿ ನಲವತ್ತೊಂದು ಮೋಟಾರು, ಆ ವರ್ಷ ಹದಿನೇಳು. ಸುಟ್ಟದ್ದನ್ನು ಸುತ್ತಿಸುವ ಬದಲು ಜನ ಹೊಸದನ್ನೇ ಕೊಳ್ಳತೊಡಗಿದ್ದರು. ಗಿರಾಕಿಯ ಫೋನನ್ನು ಬಿಡುವ ಕಾಲ ಹೋಗಿತ್ತು. ಕಾಕಾ ಎತ್ತಿದರು. “ಹಾಂ, ನಾಳೆ ತರ್ರಿ” ಎಂದಷ್ಟೇ ಹೇಳಿ ಇಟ್ಟರು. ಆ ಹೊತ್ತಿನಲ್ಲೂ ಅಂಬಿಕಾಳ ಚಕ್ರ ತಿರುಗುತ್ತಲೇ ಇತ್ತು.

ಅಂಬಿಕಾ ನಿಲ್ಲಿಸಿದಳು. ಕಾಕಾ ಕಣ್ಣು ತೆರೆದು “ಐವತ್ತೆರಡು” ಎಂದರು.

“ಇಲ್ಲಪ್ಪಾ, ನಾ...”

ಅಷ್ಟರಲ್ಲಿ ಕಟರ್ ಕಾಯಿಲಿನ ಮೇಲಿತ್ತು. ತಂತಿ ನೆಲಕ್ಕೆ ಬಿತ್ತು. ನನ್ನ ಪುಸ್ತಕದಲ್ಲಿ ಐದೈದರ ಹತ್ತು ಗುಂಪು, ಮುಂದೆ ನಾಲ್ಕು ಗೀಟು ಇದ್ದವು. ನಾನು ಅದನ್ನು ನೋಡಿದೆ. ಕಾಕಾ ತಪ್ಪುವವರಲ್ಲ, ನಾನೇ ಎರಡು ಗೀಟು ಹೆಚ್ಚು ಹಾಕಿರಬೇಕು ಎಂದುಕೊಂಡು ಪುಸ್ತಕ ಮುಚ್ಚಿದೆ.

ಅಂಬಿಕಾ ಎದ್ದು ಕೈ ತೊಳೆದುಕೊಂಡು ಮನೆಗೆ ಹೋದಳು. ಮತ್ತೆ ಅಂಗಡಿಗೆ ಬರಲಿಲ್ಲ. ಪರೀಕ್ಷೆಗೂ ಹೋಗಲಿಲ್ಲ. ಮರು ತಿಂಗಳು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಔಷಧದ ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಕಾಕು ಗಂಡನಿಗೆ ಹೇಳಿದ ಮಾತು ಗಲ್ಲಿಗೆಲ್ಲ ಕೇಳಿಸಿತ್ತು. “ನಿಮ್ಮಪ್ಪನ ವಿದ್ಯಾ ನಿಮ್ಮ ತನಕ ಸಾಕಿತ್ರಿ. ಕೂಸಿನ ತನಕ ಯಾಕ ತಂದ್ರಿ?” ತಂದೆ ಮಗಳು ಒಂದೇ ಮನೆಯಲ್ಲಿದ್ದರು, ಉಂಡಿಯೇನು, ಹೊಂಟೀಯೇನು ಎನ್ನುವಷ್ಟು ಮಾತು.

ನಾಲ್ಕು ತಿಂಗಳ ನಂತರ, ಒಂದೂ ಮೋಟಾರು ಬಾರದ ಒಂದು ಗುರುವಾರ, ಕಾಕಾ ನನ್ನನ್ನು ಕರೆದರು.

“ಮುನಶಿ, ಅವತ್ತ ಅಂಬೂನ ಕಾಯಿಲ್ ಕತ್ತರಿಸಿದ್ನೆಲ್ಲ? ಮರದಿವ್ಸ ಕಸಾ ಬಳ್ಯಾಗ ಕೈಗೆ ಸಿಕ್ತು. ಒಂದ ಬಾಜೂ ತುದಿ ಎಣಿಸಿದ್ನಿ. ಐವತ್ನಾಕ. ಮೂರ ಸಲ ಎಣಿಸಿದ್ನಿ.”

“ನನ್ನ ಬುಕ್ಕಿನ್ಯಾಗೂ ಐವತ್ನಾಕೇ ಇತ್ತು ಕಾಕಾ.”

ಅವರು ನನ್ನನ್ನೇ ನೋಡಿದರು. “ಮತ್ತ ಬಾಯಿ ಬಿಡ್ಲಿಲ್ಲ?”

“ನಿಮ್ಮ ಮುಂದ ಹ್ಯಾಂಗ ಹೇಳೂದ್ರಿ?”

ಆಮೇಲೆ ಅವರು, “ಬರಾಬರ್ ಇತ್ತಂತ ನೀನೇ ಆಕಿಗೆ ಹೇಳು” ಎಂದರು.

“ನೀವೇ ಹೇಳ್ರೆಲ್ಲಾ.”

“ಅಪ್ಪ ಆದಂವ ಹ್ಯಾಂಗ ಹೇಳ್ತಾನ ಯವ್ವಾ? ನಮ್ಮಪ್ಪ ನನಗ ಒಮ್ಮೇನೂ ಹೇಳಿಲ್ಲ.”

ಆಗ ನಾನೂ ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಲ್ಲಿ ದಲ್ಲಾಳಿಯೊಬ್ಬರ ಅಡತಿ ಅಂಗಡಿಯ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದೆ. ಅಂಬಿಕಾ, ನಾನು ಒಂದೇ ಬಸ್ಸು. ಮರುದಿನ ಬೆಳಿಗ್ಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

“ಗೊತ್ತಿತ್ತು. ಗಲತ್ ಇದ್ದಾಗ ಕತ್ತರಿಸಿದ್ರ ಏನರೆ ಕಲೀಬಹುದು ಬೇ. ಬರಾಬರ್ ಇದ್ದುದ್ದೂ ಕತ್ತರಿಸಿದ ಮ್ಯಾಲ ಏನ ಕಲೀಲಿ? ಈಗ ಆರಾಮ ಅದೀನಿ. ಅಲ್ಲಿ ಗುಳಿಗಿ ಮಷಿನ್ ಎಣಿಸ್ತದ. ನಾ ಡಬ್ಬಿ ಮುಚ್ಚತೀನಿ. ನನ್ನ ಕೈಲೆ ತಪ್ಪಾಗೂದು ಏನೂ ಇಲ್ಲ.”

“ಮತ್ತ ಪರೀಕ್ಷಾ?”

“ಅದು ಮುಗೀತಲ್ಲ.”

ಬಸ್ಸಿನಲ್ಲೇ ಅವಳ ಮಾತನ್ನು ಬರೆದುಕೊಂಡೆ. ಸಂಜೆ ಕಾಕಾ ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದರು. ಆಕಿಗೆ ಸಿಟ್ಟಿಲ್ಲ, ಆರಾಮ ಅದಾಳಂತ ಎಂದೆ. ಅವರು ನಂಬಲಿಲ್ಲ. “ನೀ ಬರಕೊಂಡಿರ್ತಿ. ಬರದಿದ್ದು ಓದು.” ನಾನು ಓದಬಾರದಿತ್ತು. ಬರೆದದ್ದನ್ನು ಬದಲಿಸಿ ಓದುವ ಅಭ್ಯಾಸ ನನಗಿರಲಿಲ್ಲ. ಪೂರ್ತಿ ಓದಿದೆ.

ಕಾಕಾ ಚಕ್ರದ ಹಿಡಿಕೆಯ ಮೇಲೆ ಕೈಯಿಟ್ಟು ಹೇಳಿದರು: “ನಮ್ಮಪ್ಪನೂ ಹಿಂಗs ಕತ್ತರಿಸಿರಬೇಕು. ನನ್ನುವು ಎಷ್ಟ ಬರಾಬರ್ ಇದ್ದುವೋ ಏನೋ.”

ಅದಾದ ಮೇಲೂ ಅವರು ಚಕ್ರದ ಮುಂದೆ ಕೂರುತ್ತಿದ್ದರು. ಆದರೆ ಇಪ್ಪತ್ತಕ್ಕೋ ಮೂವತ್ತಕ್ಕೋ ನಿಂತು, ತಂತಿ ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಯಾರಾದರೂ ಬಂದರೆ ತಾವೇ ಮೊದಲು ಮಾತಾಡಿಸುತ್ತಿದ್ದರು. ಸುತ್ತಿ ಕೊಟ್ಟ ಮೂರು ಮೋಟಾರು ಸುಟ್ಟು ವಾಪಸು ಬಂದವು. ನಾಲ್ಕನೆಯ ಮೋಟಾರನ್ನು ಸುತ್ತಿಸಲು ಯಾರೂ ತರಲೇ ಇಲ್ಲ. ಮುಂದಿನ ವರ್ಷ ಮಳೆಗಾಲದ ಶುರುವಿನಲ್ಲಿ ಅವರಿಗೆ ಎದೆ ನೋವು ಬಂತು. ಬೀದರಿನ ಆಸ್ಪತ್ರೆಯಲ್ಲಿ ಆರು ದಿನ ಇದ್ದರು, ಏಳನೆಯ ದಿನ ಹೋದರು. ಆರೂ ದಿನ ಅಂಬಿಕಾ ಪಕ್ಕದಲ್ಲಿದ್ದಳು. ಅವರು ಅವಳೊಂದಿಗೆ ಏನು ಮಾತಾಡಿದರೆಂದು ಕೇಳಿದ್ದೆ. ನೀರು ಕೇಳಿದರು ಎಂದಳು.

ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿ ಹತ್ತು ದಿನವಾಗಿತ್ತು. ಸಂಜೆ ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸು ಕಾಯುತ್ತ ನಿಂತಿದ್ದೆವು. “ನಾ ಹೇಳಿದ್ದು ಅಪ್ಪನ ಮುಂದ ಓದೀದಿ ಅಲ್ಲಾ? ಏನಂದ್ರು?” ಎಂದು ಕೇಳಿದಳು. ನಾನು ಹಾಳೆ ತಿರುವಿ, ತಮ್ಮಪ್ಪ ಕತ್ತರಿಸಿದ ಕಾಯಿಲುಗಳ ಬಗ್ಗೆ ಕಾಕಾ ಆಡಿದ ಮಾತನ್ನು ಇದ್ದ ಹಾಗೇ ಓದಿದೆ.

ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಮ್ಮೆ ಓದಿದಳು. “ಅಪ್ಪನ ಕಾಯಿಲೂ ಬರಾಬರ್ ಇದ್ದುವೇನs?” ಎಂದಳು, ನಾನೇ ಅವನ್ನು ಎಣಿಸಿದವಳೆಂಬಂತೆ.

“ಯಾರಿಗ ಗೊತ್ತ ಬೇ.”

ಬಸ್ಸು ಬಂತು. ಸೀಟು ಒಂದೇ ಇತ್ತು. ಅವಳು ನನ್ನನ್ನು ಕೂರಿಸಿ, ಪಕ್ಕದಲ್ಲಿ ಕಂಬ ಹಿಡಿದು ನಿಂತಳು. ಕಲ್ಯಾಣ ಬರುವವರೆಗೂ ಅಳುತ್ತಲೇ ಇದ್ದಳು.