ಬಂಡೆ ಹತ್ತಲು ಬಂದ ಭಾವ

ಬಂದರಿನ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರೂ ‘ಹಲ್ಲಿ’ ಅಂತಲೇ ಕರೆಯುತ್ತಿದ್ದರು. ಸಮುದ್ರಕ್ಕೆ ಮುಖ ಮಾಡಿ ನಿಂತ ಕಡಿದಾದ ಬಂಡೆಗೆ ಜನರನ್ನು ಹತ್ತಿಸುವುದು ಅವನ ಕೆಲಸ. ಮೊದಲು ತಾನು ಹತ್ತಿ, ಮೇಲೆ ಭದ್ರವಾಗಿ ಕೂತು, ಕೆಳಗಿನವರು ಏರಿದ ಹಾಗೆ ಹಗ್ಗ ಎಳೆದುಕೊಳ್ಳುತ್ತ ಹೋಗುತ್ತಿದ್ದ. ಅವರು ಕೈ ಬಿಟ್ಟರೂ ಹಗ್ಗ ಬಿಡುತ್ತಿರಲಿಲ್ಲ.

ಅದಕ್ಕೂ ಮುಂಚೆ ಅವನು ಅಕ್ಕನ ಗಂಡನ ಕನ್ನಡಕದ ಅಂಗಡಿಯಲ್ಲಿದ್ದ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಅಂಗಡಿಯನ್ನು ಮುಂದೆ ಇವನೇ ನೋಡಿಕೊಳ್ಳುತ್ತಾನೆ ಅಂತ ಭಾವ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಒಂದು ದಿನ ಅವನು ಕೆಲಸ ಬಿಡುತ್ತೇನೆ ಅಂದಾಗ, ಗಿರಾಕಿಗಳ ಎದುರೇ, ಇನ್ನು ಮೇಲೆ ನನ್ನನ್ನು ಮಾತಾಡಿಸಬೇಡ ಅಂದರು. ಇಬ್ಬರೂ ಹಟವಾದಿಗಳು. ವರ್ಷಗಳೇ ಉರುಳಿದವು. ಅವನು ಅಕ್ಕನ ಮನೆಗೆ ಹೋದರೆ ಭಾವ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅಕ್ಕ ಮಧ್ಯೆ ನಿಂತು, ಉಪ್ಪು ಸರಿಯಿದೆಯಾ ಅಂತ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತಿದ್ದಳು.

ಆ ಬೆಳಿಗ್ಗೆ ಬುಕಿಂಗ್ ನೋಡಿಕೊಳ್ಳುವ ಹುಡುಗಿ, ವಯಸ್ಸಾದವರೊಬ್ಬರು ಒಬ್ಬರೇ ಬರುತ್ತಿದ್ದಾರೆ, ಸ್ವಲ್ಪ ನಿಧಾನವಾಗಿ ಹತ್ತಿಸು ಅಂದಿದ್ದಳು. ಬಂಡೆಯ ಬುಡಕ್ಕೆ ಇಳಿದು ಬಂದವರು ಭಾವ.

ಕನ್ನಡಕ ಇರಲಿಲ್ಲ. ಬಿದ್ದೀತು ಅಂತ ಕಾರಿನಲ್ಲೇ ಬಿಟ್ಟು ಬಂದಿದ್ದರಂತೆ. ಕನ್ನಡಕ ತೆಗೆದರೆ ಭಾವನಿಗೆ ಎದುರಿಗಿರುವುದು ಮನುಷ್ಯನೋ ಕಂಬವೋ ತಿಳಿಯುವುದಿಲ್ಲ ಅನ್ನುವುದು ಇಡೀ ಸಂಸಾರಕ್ಕೆ ಗೊತ್ತು. ಹಲ್ಲಿಗೆ ಯೋಚನೆಯಾಯಿತು. ತನ್ನ ಗುರುತು ಸಿಕ್ಕಿದೆಯೋ ಇಲ್ಲವೋ? ಮಾತಾಡಿದರೆ ದನಿಯಿಂದ ಗೊತ್ತಾಗಬೇಕು. ಆದರೆ ಅಲೆಗಳ ಸದ್ದಿಗೆ ಅಲ್ಲಿ ಯಾರೇ ಆದರೂ ಕೂಗಿಯೇ ಮಾತಾಡಬೇಕು, ಕೂಗಿದರೆ ಎಲ್ಲರ ದನಿಯೂ ಒಂದೇ.

“ನಮಸ್ಕಾರ ಸರ್,” ಅಂದ. ಜೀವನದಲ್ಲಿ ಮೊದಲ ಸಲ ಭಾವನನ್ನು ಸರ್ ಅಂದಿದ್ದ.

“ನಮಸ್ಕಾರ. ನೀವು ಹೇಳಿದ ಹಾಗೆ ಮಾಡ್ತೀನಿ,” ಅಂದರು ಅವರು.

ಹಲ್ಲಿ ಅವರ ಸೊಂಟಕ್ಕೆ ಪಟ್ಟಿ ಬಿಗಿದ, ಹೆಲ್ಮೆಟ್ಟಿನ ಗುಂಡಿ ಹಾಕಿದ. ಮುಖಕ್ಕೆ ಮುಖ ತಾಗುವಷ್ಟು ಹತ್ತಿರವಿದ್ದರೂ ಅವರು ಸಮುದ್ರ ನೋಡುತ್ತಿದ್ದರು. ಬೇಕೆಂದೇ ನೋಡುತ್ತಿದ್ದಾರೋ, ಕಾಣದೇ ನೋಡುತ್ತಿದ್ದಾರೋ ಹೇಳುವಂತಿರಲಿಲ್ಲ.

ಅವನು ಹತ್ತಿ ಮೇಲೆ ಕೂತ. ಭಾವ ಏರತೊಡಗಿದರು. ಬಲಗೈ ಒಂದು ಗೇಣು ಮೇಲೆ ಅಂದರೆ ಬಲಗೈ, ಕಾಲು ಅಗಲಿಸಿ ಅಂದರೆ ಕಾಲು. ಅಂಗಡಿಯಲ್ಲಿ ಇವನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದಿದ್ದ ಮನುಷ್ಯ ಈಗ ಶಾಲೆಯ ಮಗುವಿನ ಹಾಗೆ ಕೇಳುತ್ತಿದ್ದರು. ಅರ್ಧ ದಾರಿಯಲ್ಲಿ ಬಂಡೆ ಹೊಟ್ಟೆಯ ಹಾಗೆ ಉಬ್ಬಿದ ಕಡೆ ಸಿಕ್ಕಿಹಾಕಿಕೊಂಡರು. ಎಡಗಾಲು ಗಾಳಿಯಲ್ಲಿ ತಡಕಾಡುತ್ತಿತ್ತು.

“ಎಡಗಾಲು ಎಲ್ಲಿಡ್ಲಿ, ಹೇಳು,” ಅಂದರು.

ಹೇಳಿ ಅನ್ನಲಿಲ್ಲ. ಹೇಳು ಅಂದರು. ಹಲ್ಲಿ ಹಗ್ಗ ಬಿಗಿಹಿಡಿದು, ಮೊಣಕಾಲಿನ ಹತ್ತಿರ ಒಂದು ಬಿರುಕಿದೆ, ಅಲ್ಲಿ ಕಾಲ್ಬೆರಳಿಳಿಸಿ ಅಂದ. ಅವರು ಇಳಿಸಿದರು, ಮೇಲೆ ಬಂದರು, ಏದುಸಿರು ಬಿಡುತ್ತ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತಾದ ಮೇಲೆ, ನೀವು ಚೆನ್ನಾಗಿ ಹೇಳಿಕೊಡುತ್ತೀರಿ ಅಂತ ಬಹುವಚನಕ್ಕೆ ಮರಳಿದರು. ಕೆಳಗಿಳಿದು ಕೈಮುಗಿದು ಹೋದರು.

ಹಲ್ಲಿಯ ಮನೆಯಲ್ಲಿ ಅವನ ಹೆಂಡತಿ ಕೂಲಿಗೆ ತಂದ ಲಾಡ್ಜಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತ ಎಲ್ಲ ಕೇಳಿಸಿಕೊಂಡಳು. ಹೆದರಿದಾಗ ಜನ ದೇವರನ್ನೂ ಏಕವಚನದಲ್ಲೇ ಕೂಗುತ್ತಾರೆ, ಅದಕ್ಕೆಲ್ಲ ಅರ್ಥ ಹುಡುಕಬೇಡ ಅಂದಳು. ಅವನಿಗೆ ಸಮಾಧಾನವಾಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಸುಮ್ಮನೆ ಅನ್ನುವ ಹಾಗೆ, ಭಾವ ಎಲ್ಲಿ ಅಂದ. ಫ್ರೇಮು ತರಲು ಪಕ್ಕದ ಊರಿಗೆ ಹೋಗಿದ್ದಾರೆ ಅಂದಳು ಅಕ್ಕ. ಆಮೇಲೆ, ಯಾಕೆ ಕೇಳಿದೆ, ಏನಾದರೂ ಆಯಿತಾ ಅಂತ ಗಾಬರಿಯಾದಳು. ಏನೂ ಇಲ್ಲ ಅನ್ನುವಷ್ಟರಲ್ಲಿ ಅವನಿಗೆ ಸಾಕುಬೇಕಾಯಿತು. ಹೇಳಿದರೆ ಭಾವನ ಗುಟ್ಟು ರಟ್ಟು, ಹೇಳದಿದ್ದರೆ ಅಕ್ಕನಿಗೆ ಮೋಸ.

ಮುಂದಿನ ವಾರ ಭಾವ ಮತ್ತೆ ಬಂದರು, ಮತ್ತೆ ಕನ್ನಡಕವಿಲ್ಲದೆ. ಈ ಸಲ ಅವನು ಸೊಂಟಪಟ್ಟಿಗೆ ಹಗ್ಗ ಕಟ್ಟುತ್ತಲೇ ಕೇಳಿಬಿಟ್ಟ.

“ಭಾವ, ನಾನು ಯಾರು ಅಂತ ನಿಮಗೆ ಗೊತ್ತಲ್ವಾ?”

ಅವರು ಗಂಟನ್ನು ಕೈಯಲ್ಲಿ ತಡವಿ ನೋಡಿದರು.

“ಗುರುತಿಲ್ಲದವರ ಕೈಗೆ ಹಗ್ಗ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?” ಅಂದರು. “ಹತ್ತು, ಹತ್ತು. ಬಿಸಿಲು ಏರ್ತಿದೆ.”

ಅದರಾಚೆಗೆ ಒಂದು ಮಾತಿಲ್ಲ. ಯಾಕೆ ಬಂದಿರಿ, ಕೋಪ ಹೋಯಿತಾ, ನಾನು ಮಾಡಿದ್ದು ಸರಿ ಅನ್ನಿಸಿತಾ ಅಂತ ಕೇಳಲು ಮೇಲೆ ಕೂತಾಗ ಅವನು ಎಷ್ಟೋ ಸಲ ಬಾಯಿ ತೆರೆದ. ಪ್ರತಿ ಸಲವೂ ಬಾಯಿಂದ ಬಂದದ್ದು ಬಲಗೈ, ಎಡಗಾಲು ಮಾತ್ರ.

ಭಾನುವಾರ ಅಕ್ಕ ಊಟಕ್ಕೆ ಕರೆದಳು. ಎಲ್ಲ ಸರಿಹೋಗಿದೆ ಅಂದುಕೊಂಡು ಹೋದರೆ, ಭಾವ ಪೇಪರ್ ಎತ್ತಿ ಎಂದಿನಂತೆ ಅಡ್ಡ ಹಿಡಿದರು. ಅವನು ನಮಸ್ಕಾರ ಭಾವ ಅಂದದ್ದು ಪೇಪರಿಗೆ ತಾಗಿ ಹಾಗೇ ಕೆಳಗೆ ಬಿತ್ತು. ಹಾಗಾದರೆ ಬಂಡೆಯ ಮೇಲೆ ಮಾತಾಡಿದ್ದು ಲೆಕ್ಕಕ್ಕಿಲ್ಲವೋ? ಅಥವಾ ಈ ಮೌನವೇ ಈಗ ಬರೀ ಅಭ್ಯಾಸವೋ? ಅವನಿಗೆ ತಲೆಬುಡ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಅಕ್ಕ ಗಂಡನ ಕೈ ನೋಡಿದಳು. ಬೆರಳ ತುದಿಗಳ ಚರ್ಮ ಕಿತ್ತುಬಂದಿತ್ತು. ಏನಾಯಿತು ಅಂತ ಕೇಳಿದಳು.

“ಅಂಗಡಿ ಬಾಗಿಲು ಸಿಕ್ಕಿಹಾಕಿಕೊಂಡಿತ್ತು, ಎಳೆದೆ,” ಅಂದರು ಭಾವ, ತಲೆ ಎತ್ತದೆ.

ಅಕ್ಕ ತಮ್ಮನ ಕಡೆ ತಿರುಗಿ, ನೀನಾದರೂ ಹೋಗಿ ಆ ಬಾಗಿಲು ಒಂದು ಸಲ ನೋಡಬಾರದಾ ಅಂದಳು. ಹಲ್ಲಿ ಭಾವನ ಮುಖ ನೋಡಿದ. ಅವರು ದಪ್ಪ ಗಾಜಿನ ಹಿಂದಿನಿಂದ ಅವನನ್ನೇ ನೋಡುತ್ತಿದ್ದರು. ಅಂಗಡಿಗೆ ಬಾ ಅನ್ನುತ್ತಿದ್ದಾರೋ, ಬಾಯಿಬಿಟ್ಟರೆ ಜೋಕೆ ಅನ್ನುತ್ತಿದ್ದಾರೋ ಅವನಿಗೆ ಗೊತ್ತಾಗಲಿಲ್ಲ. ನೋಡೋಣ ಅಕ್ಕ ಅಂತ ಹೇಳಿ, ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ.