ಪುಟ್ಟಸಿದ್ದಮ್ಮನ ಹಂಡೆ ನೀರು

ಪುಟ್ಟಸಿದ್ದಮ್ಮನವರನ್ನು ನಾನು ಮೊದಲು ಕಂಡದ್ದು 2007ರ ಜುಲೈ ತಿಂಗಳಲ್ಲಿ. ಕಂಡ ಐದನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಚಂದಕವಾಡಿಯಿಂದ ಎರಡು ಮೈಲಿ ಒಳಗಿರುವ ಊರು ಅದು. ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ನೀರುಗಂಟಿ ಸಿದ್ದಮಲ್ಲಪ್ಪ ನನ್ನನ್ನು ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಬೈಯುತ್ತಾನೆ. ಈಗಾಗಲೇ ಬೇಕಾದಷ್ಟು ಬೈದಿದ್ದಾನೆ, ಅದರಲ್ಲಿ ಮುಕ್ಕಾಲು ಪಾಲು ನ್ಯಾಯವಾದದ್ದೇ.

ಜಗಳಕ್ಕೆ ಕಾರಣ ಒಂದು ಲೋಟ ನೀರು. ಪುಟ್ಟಸಿದ್ದಮ್ಮ ಆ ಊರಿನ ಅಂಗನವಾಡಿಯ ಸಹಾಯಕಿ, ಊರವರ ಬಾಯಲ್ಲಿ ಆಯಮ್ಮ. ನಾನು ಬೈಕ್ ನಿಲ್ಲಿಸಿ ಒಳಗೆ ಕಾಲಿಟ್ಟ ಕೂಡಲೇ ಲೋಟ ಮುಂದೆ ಹಿಡಿದರು. ‘ಬೇಡಮ್ಮ, ನನ್ನ ಹತ್ರ ಬಾಟಲಿ ಇದೆ’ ಎಂದೆ.

‘ನೀರ ಬ್ಯಾಡ ಅನ್ನೋರ್ನ ಇವತ್ತೇ ನೋಡಿದ್ದು ನಾನು. ನಮ್ ನೀರ್ಗ ಏನಾಗದ ಸಾ?’

‘ಏನಾಗಿದೆ ಅಂತ ನೋಡೋಕೇ ಬಂದಿರೋದು’ ಎಂದುಬಿಟ್ಟೆ. ಇಪ್ಪತ್ತಾರರ ವಯಸ್ಸು, ನಾಲಗೆಗೆ ಲಗಾಮಿರಲಿಲ್ಲ. ಅಂಗನವಾಡಿಯ ಟೀಚರ್ ಭವ್ಯ ನಡುವೆ ಬಂದು ಸಮಾಧಾನ ಮಾಡಿದ ಮೇಲೆ, ದಂಡದ ರೂಪದಲ್ಲಿ ನನಗೆ ಎರಡು ಲೋಟ ಕುಡಿಸಲಾಯಿತು. ಅಂದಿನಿಂದ ಪ್ರತಿ ಭೇಟಿಗೂ ಎರಡು ಲೋಟ ಎಂದು ನಿಗದಿಯಾಯಿತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಂಗನವಾಡಿಗಳ ಕುಡಿಯುವ ನೀರಿನಲ್ಲಿ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸುವ ಒಂದು ಯೋಜನೆಯಲ್ಲಿ ನಾನು ಗುತ್ತಿಗೆ ನೌಕರ. ನೀರಿನಲ್ಲಿ ಕರಗಿದ ಸೀಸ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಆದರೆ ದಿನವೂ ಹೊಟ್ಟೆಗೆ ಹೋದರೆ ಚಿಕ್ಕಮಕ್ಕಳ ಬುದ್ಧಿಯ ಬೆಳವಣಿಗೆಗೇ ಕಲ್ಲು ಹಾಕುತ್ತದೆ. ಪರೀಕ್ಷೆಗೆ ರಾತ್ರಿಯಿಡೀ ಪೈಪಿನಲ್ಲೇ ನಿಂತ ನೀರು ಬೇಕು. ನಲ್ಲಿಯಲ್ಲೋ ಪೈಪಿನಲ್ಲೋ ಸೀಸವಿದ್ದರೆ ಅದು ಆ ನೀರಿಗೆ ಇಳಿದಿರುತ್ತದೆ. ಆದ್ದರಿಂದ ನಾನು ಸಂಜೆ ಹೋಗಿ ಖಾಲಿ ಬಾಟಲಿ ಕೊಟ್ಟು, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮೊದಲ ನೀರನ್ನೇ ಹಿಡಿದಿಡಿ ಎಂದು ಹೇಳಿ, ಮಾರನೇ ದಿನ ಒಂಬತ್ತಕ್ಕೆ ಬಂದು ಒಯ್ಯುತ್ತಿದ್ದೆ. ಬಾಟಲಿ ಮೈಸೂರಿನ ಲ್ಯಾಬಿಗೆ ಹೋಗುತ್ತಿತ್ತು.

ಆ ಊರಲ್ಲಿ ಬಾಟಲಿ ತುಂಬುವ ಜವಾಬ್ದಾರಿ ಪುಟ್ಟಸಿದ್ದಮ್ಮನವರದು. ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಅವರಿಗೆ ಐವತ್ತೆರಡು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದವರು. ಬರುವಾಗ ಅವರವ್ವ ಒಂದು ಹಿತ್ತಾಳೆ ಹಂಡೆ ಕೊಟ್ಟಿದ್ದರು. ಅಂಗನವಾಡಿಗೆ ಕೆಲಸಕ್ಕೆ ಸೇರಿದ ವರ್ಷವೇ ಆ ಹಂಡೆಯನ್ನು ತಂದು ಅಲ್ಲಿಟ್ಟರು. ದಿನವೂ ಹುಣಸೆಹಣ್ಣು ಹಾಕಿ ಉಜ್ಜಿ, ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿ, ಹದಿನೆಂಟು ಮಕ್ಕಳಿಗೂ ಒಂದೊಂದಾಗಿ ಲೋಟ ಎತ್ತಿ ಬಾಯಿಗಿಟ್ಟು ಕುಡಿಸುತ್ತಿದ್ದರು. ಸಂಬಳ ಹೆಚ್ಚಬೇಕು, ಬಡ್ತಿ ಸಿಗಬೇಕು ಎಂದೆಲ್ಲ ಅವರು ಅಂದದ್ದು ನಾನು ಕೇಳಿಲ್ಲ. ಮಕ್ಕಳು ತಮ್ಮ ಕೈಯಿಂದ ನೀರು ಕುಡಿದರೆ ಅವರ ದಿನ ಸಾರ್ಥಕ. ಮನೆಯಲ್ಲಿ ಗಂಡ ಗುರುಮಲ್ಲಯ್ಯ ಮಾತ್ರ ಅಂದಿನಿಂದ ಪ್ಲಾಸ್ಟಿಕ್ ಬಿಂದಿಗೆಯ ನೀರು ಕುಡಿದುಕೊಂಡಿದ್ದ. ‘ಊರ್ ಮಕ್ಳಿಗೆಲ್ಲ ಹಿತ್ತಾಳೆ, ನಂಗ ಪ್ಲಾಸ್ಟಿಕ್ಕು’ ಎಂದು ಸಿಕ್ಕವರಿಗೆಲ್ಲ ದೂರುತ್ತಿದ್ದ.

ಮೊದಲ ವರದಿ ಬಂತು. ಇರಬಹುದಾದ್ದಕ್ಕಿಂತ ಆರು ಪಟ್ಟು ಸೀಸ! ಇಡೀ ತಾಲ್ಲೂಕಿನಲ್ಲಿ ಅಂಥ ವರದಿ ಬಂದದ್ದು ಅದೊಂದೇ. ನಾನು ಒಳಗೊಳಗೇ ಖುಷಿಪಟ್ಟೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ನಲ್ಲಿಯದೇ ತಪ್ಪು ಎಂದು ತೀರ್ಪು ಕೊಟ್ಟು, ನಲ್ಲಿ ಬದಲಾಯಿಸಿದೆ. ಮತ್ತೆ ಬಾಟಲಿ ಕೊಟ್ಟೆ. ಮತ್ತೆ ಆರು ಪಟ್ಟು.

ಪೈಪಿನದು ತಪ್ಪು ಎಂದೆ. ಅಂಗಳ ಅಗೆದು ಪೈಪು ಕಿತ್ತು ಹೊಸದು ಹಾಕಿಸಿದೆ. ಅಗೆದ ಗುಂಡಿಯಲ್ಲಿ ಒಂದು ಎಮ್ಮೆ ಬಿತ್ತು. ಅದನ್ನು ಎತ್ತಲು ಹನ್ನೆರಡು ಜನ ಸೇರಿದರು, ಎತ್ತಿದ ಮೇಲೆ ಹನ್ನೆರಡೂ ಜನ ನನ್ನನ್ನು ಬೈದರು. ಮೂರನೇ ಬಾಟಲಿ ಹೋಯಿತು. ಈ ಸಲ ಏಳು ಪಟ್ಟು.

ಉಳಿದದ್ದು ಟ್ಯಾಂಕು. ಅದು ಸಿದ್ದಮಲ್ಲಪ್ಪನ ಸಾಮ್ರಾಜ್ಯ. ‘ಟ್ಯಾಂಕು ಸರಿಯಾಗಿ ತೊಳೆದಿಲ್ಲ ಅಂತ ಕಾಣುತ್ತೆ’ ಎಂದೆ, ಅಷ್ಟೇ. ಅವನು ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ಮೇಲೆ ಹತ್ತಿ, ಒಳಕ್ಕಿಳಿದು, ಅಲ್ಲಿಂದಲೇ ಬೈಯತೊಡಗಿದ. ಖಾಲಿ ಟ್ಯಾಂಕಿನಲ್ಲಿ ಅವನ ದನಿ ನಾಲ್ಕು ಪಟ್ಟಾಗಿ ಊರಿಗೆಲ್ಲ ಕೇಳಿತು. ‘ಸೀಸ ಅಂತ ಸೀಸ! ನಿನ್ ತಲೇಲಿ ಅದ ಕಣ್ಲಾ ಸೀಸ!’

ಚಾಮರಾಜನಗರದಲ್ಲಿ ನನ್ನ ಮೇಲಧಿಕಾರಿ ಶಾಂತಮಲ್ಲಪ್ಪನವರು ಕಡತ ಮುಚ್ಚಿ ಕನ್ನಡಕ ತೆಗೆದರು. ‘ಸುಧಾಕರ್, ನಲ್ಲಿ ಬದಲಾಯಿಸಿದೆ, ಪೈಪು ಬದಲಾಯಿಸಿದೆ, ಇನ್ನು ಊರನ್ನೇ ಬದಲಾಯಿಸ್ತೀಯೇನಯ್ಯ?’

ನಾಲ್ಕನೇ ಸಲ ನಾನು ಸಂಜೆ ಬಾಟಲಿ ಕೊಟ್ಟವನು ಬೆಳಿಗ್ಗೆ ಒಂಬತ್ತರವರೆಗೆ ಕಾಯಲಿಲ್ಲ. ಆರಕ್ಕೇ ಹೋದೆ. ಬೈಕನ್ನು ದೂರದಲ್ಲಿ ನಿಲ್ಲಿಸಿ, ಕಳ್ಳನ ಹಾಗೆ ಕಿಟಕಿಗೆ ಬಂದು ಇಣುಕಿದೆ. ಪುಟ್ಟಸಿದ್ದಮ್ಮ ಸ್ನಾನ ಮಾಡಿ, ಬಾಗಿಲಿಗೆ ರಂಗೋಲಿ ಬಿಟ್ಟು, ನನ್ನ ಬಾಟಲಿಯನ್ನು ಕೈಗೆತ್ತಿಕೊಂಡಿದ್ದರು. ಮೂಸಿ ನೋಡಿ ಮೂಗು ಮುರಿದರು. ಮೂರು ಸಲ ಗಲಗಲ ತೊಳೆದರು. ಆಮೇಲೆ ಹಂಡೆಯ ಮುಚ್ಚಳ ತೆಗೆದು, ಬಿಳೀ ಬಟ್ಟೆ ಹಿಡಿದು, ಸೌಟಿನಿಂದ ಒಂದು ಹನಿಯೂ ಚೆಲ್ಲದಂತೆ ತುಂಬಿಸಿದರು. ನಲ್ಲಿ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

‘ಅಮ್ಮಾ! ನಲ್ಲಿ ನೀರು ಹಿಡೀರಿ ಅಂದಿದ್ದೆನಲ್ಲಾ!’ ಕಿಟಕಿಯಿಂದಲೇ ಕಿರುಚಿದೆ.

ಅವರು ಬೆಚ್ಚಲೂ ಇಲ್ಲ. ‘ರಾತ್ರಿಯೆಲ್ಲ ಪೈಪ್ನಲ್ಲಿ ಬಿದ್ದಿರೋ ತಂಗಳ್ ನೀರ ಮೈಸೂರ್ಗ ಕಳ್ಸದಾ ಸಾ? ಅಲ್ಲಿ ದೊಡ್ಡೋರು ಕುಡ್ದು ನೋಡ್ತಾರ. ಚಂದಕವಾಡಿ ಕಡೆಯೋರು ಇಂಥ ನೀರ್ ಕೊಟ್ರು ಅಂತ ಆಡ್ಕಂಡ್ರೆ?’

‘ಯಾರೂ ಕುಡಿಯೋದಿಲ್ಲ! ಮಿಷನ್ನಿಗೆ ಹಾಕ್ತಾರೆ!’

‘ಮಿಷನ್ಗಾದ್ರೂ ಅಷ್ಟೇಯ. ಮೂರ್ ಸಲಾನೂ ಇಂಗೇ ಮಾಡಿವ್ನಿ. ಏಲಕ್ಕೀನೂ ಹಾಕನ ಅಂತಿದ್ದೆ, ಭವ್ಯಮ್ಮ ಬ್ಯಾಡ ಅಂದ್ರು.’

ನಾನು ಅಲ್ಲೇ ಕಿಟಕಿಯ ಕೆಳಗೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಲ್ಲಿ, ಪೈಪು, ಎಮ್ಮೆ, ಸಿದ್ದಮಲ್ಲಪ್ಪ, ಎಲ್ಲವೂ ದಂಡ! ಆದರೆ ಆ ನಗು ಅರ್ಧಕ್ಕೇ ನಿಂತಿತು. ನಲ್ಲಿಯ ನೀರು ಮೈಸೂರಿಗೆ ಹೋಗೇ ಇಲ್ಲವೆಂದರೆ, ಸೀಸ ಇದ್ದದ್ದು ಹಂಡೆಯಲ್ಲಿ. ಮಕ್ಕಳು ಕುಡಿಯುವುದು ಹಂಡೆಯ ನೀರು. ಸೀಸ ಹುಡುಕಲು ಹೋಗಿ ಎರಡೆರಡು ಲೋಟ ಕುಡಿದು ಬರುತ್ತಿದ್ದವನು ನಾನು. ನೀರು ನಲ್ಲಿಯಿಂದ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ನಲ್ಲಿಯದೊಂದು, ಹಂಡೆಯದೊಂದು, ಎರಡು ಬಾಟಲಿ ನಾನೇ ತುಂಬಿ ಕಳಿಸಿದೆ. ವರದಿ ಬರುವ ತನಕ ಹಂಡೆ ಮುಟ್ಟಬೇಡಿ, ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ನೇರ ಅದರಿಂದಲೇ ಕುಡಿಸಿ ಎಂದೆ. ಪುಟ್ಟಸಿದ್ದಮ್ಮ ಮುಖ ಊದಿಸಿಕೊಂಡು ಒಪ್ಪಿದರು. ಎಂಟು ದಿನಕ್ಕೆ ಉತ್ತರ ಬಂತು. ನಲ್ಲಿಯ ನೀರು ಚೊಕ್ಕ, ಹಂಡೆಯದು ಏಳು ಪಟ್ಟು. ನನ್ನ ಮಾತು ಕೇಳಿ ಅವರು ಮೊದಲ ದಿನವೇ ನಲ್ಲಿ ನೀರು ಹಿಡಿದಿದ್ದರೆ, ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿ ಮುಂದಿನ ಊರಿಗೆ ಹೋಗಿರುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಭಯವಾಗುತ್ತದೆ.

ಹಂಡೆಗೆ ಸೀಸ ಎಲ್ಲಿಂದ ಬಂತೆಂದು ಭವ್ಯಳನ್ನು ವಿಚಾರಿಸಿದೆ. ಆ ವರ್ಷದ ಯುಗಾದಿಯ ಹೊತ್ತಿಗೆ ಗುಂಡ್ಲುಪೇಟೆ ಕಡೆಯಿಂದ ಒಬ್ಬ ಕಲಾಯಿ ಹಾಕುವವನು ಬಂದಿದ್ದನಂತೆ. ಹಿತ್ತಾಳೆ ಪಾತ್ರೆಯಲ್ಲಿ ಕಿಲುಬು ಹಿಡಿಯದಿರಲೆಂದು ಒಳಗೆ ತವರ ಬಳಿಯುವುದೇ ಕಲಾಯಿ. ಈ ಪುಣ್ಯಾತ್ಮ ತವರಕ್ಕೆ ಸೀಸ ಬೆರೆಸಿದ್ದ. ಪುಟ್ಟಸಿದ್ದಮ್ಮ ಪಕ್ಕದಲ್ಲೇ ನಿಂತು, ಮುಖ ಕಾಣುವಷ್ಟು ಹೊಳೆಯಬೇಕು ಎಂದು ಎರಡೆರಡು ಸಲ ಬಳಿಸಿದ್ದರು.

ಇದನ್ನು ಅವರಿಗೆ ಹೇಳಬೇಕಾದವನು ನಾನೇ. ಮೊದಲು ನಂಬಲಿಲ್ಲ. ‘ನಮ್ಮವ್ವ ಕೊಟ್ಟ ಹಂಡೆ ಸಾ’ ಎಂದರು. ಆಮೇಲೆ ಹಂಡೆಯೊಳಗೆ ಬಗ್ಗಿ ನೋಡಿದರು.

‘ನಾನೇ ಕುಡಿಸ್ದೆ ಅಲ್ವಾ?’

‘ನೀವಲ್ಲಮ್ಮ, ಕಲಾಯಿ.’

‘ಕಲಾಯಿ ಲೋಟ ಎತ್ತಿ ಮಕ್ಳ ಬಾಯ್ಗ ಇಟ್ಟದಾ ಸಾ?’

ಡಾಕ್ಟರು ಬಂದು ಮಕ್ಕಳ ರಕ್ತ ತೆಗೆದರು. ವರದಿ ಬಂದ ದಿನ, ಸೀಸ ಸ್ವಲ್ಪ ಏರಿದೆ, ಆ ನೀರು ನಿಂತರೆ ಕ್ರಮೇಣ ಇಳಿಯುತ್ತದೆ, ಹೆದರಬೇಡಿ ಎಂದರು. ಪುಟ್ಟಸಿದ್ದಮ್ಮನಿಗೆ ಅದರಿಂದ ಸಮಾಧಾನವಾಗಲಿಲ್ಲ. ಆ ಸಂಜೆ ಹದಿನೆಂಟು ಮನೆಗೂ ತಾವೇ ನಡೆದು ಹೋಗಿ, ನನ್ನ ಹಂಡೆಯಿಂದ ಹೀಗಾಯಿತು ಎಂದು ಹೇಳಿ ಬಂದರು.

ಮಾರನೇ ಬೆಳಿಗ್ಗೆ ನಾನು ಹೊಸ ಸ್ಟೀಲ್ ಡ್ರಮ್ಮು ತಂದೆ. ಯಾರೂ ಬೈಯಲಿಲ್ಲ, ಮಕ್ಕಳನ್ನು ಬಿಡಿಸಿಕೊಳ್ಳಲಿಲ್ಲ. ಆದರೆ ಹದಿನೆಂಟು ಮಕ್ಕಳ ಕೊರಳಿಗೂ ಮನೆಯ ನೀರು ತುಂಬಿದ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೇತಾಡುತ್ತಿತ್ತು. ಪುಟ್ಟಸಿದ್ದಮ್ಮ ತುಂಬಿದ ಡ್ರಮ್ಮಿನ ಪಕ್ಕ ಲೋಟ ಹಿಡಿದು ಕೂತೇ ಇದ್ದರು. ಹನ್ನೊಂದಾದರೂ ಒಂದು ಮಗುವೂ ಹತ್ತಿರ ಬರಲಿಲ್ಲ. ನೋಡಲಾಗದೆ ನಾನು ಹೊರಗೆ ಹೋಗಿ ಬೈಕ್ ಒರೆಸಿದೆ.

ಶಿವರಂಜಿನಿ ಎಂಬ ತಾಯಿಯ ಮೂರು ವರ್ಷದ ಮಗಳು ಕುಡಿಯಲು ಬಾಟಲಿ ಎತ್ತಿದ್ದು ಕಿಟಕಿಯಲ್ಲಿ ಕಂಡಿತು. ‘ನಿಮ್ಮನೇಲಿ ನೀರ ಯಾವುದ್ರಲ್ಲಿ ಮಡಗೀರವ್ವ?’ ಎಂದು ಪುಟ್ಟಸಿದ್ದಮ್ಮ ಕೇಳಿದ್ದು ನನಗೆ ಕೇಳಿಸಿತು.

‘ಪಳಪಳ ಅನ್ನೋ ಕೊಳಗ್ದಲ್ಲಿ’ ಎಂದಿತು ಮಗು. ಕೊಳಗವೆಂದರೆ ಆ ಕಡೆ ಹಿತ್ತಾಳೆಯ ಬಿಂದಿಗೆ.

ಪುಟ್ಟಸಿದ್ದಮ್ಮ ಹಾರಿ ಎದ್ದರು. ಬಾಟಲಿ ಕಿತ್ತುಕೊಂಡು ಅಂಗಳದ ಕರಿಬೇವಿನ ಗಿಡಕ್ಕೆ ಸುರಿದರು. ಇನ್ನೊಂದು ಕಿತ್ತರು, ಮತ್ತೊಂದು. ಮಕ್ಕಳು ದಿಕ್ಕಾಪಾಲಾಗಿ ಓಡಿದರು, ಇವರು ಅಟ್ಟಿಸಿಕೊಂಡು ಹೋದರು, ಭವ್ಯ ಇವರನ್ನು ಅಟ್ಟಿಸಿಕೊಂಡು ಹೋದಳು. ಹದಿನೆಂಟು ಗಂಟಲು ಒಟ್ಟಿಗೆ ಅತ್ತರೆ ಹೇಗಿರುತ್ತದೆ ಎಂದು ಅಂದೇ ನನಗೆ ಗೊತ್ತಾದದ್ದು. ತಾಯಂದಿರು ಸೌಟು, ಪೊರಕೆ ಹಿಡಿದ ಹಾಗೇ ಓಡಿ ಬಂದರು.

‘ಐದ್ ತಿಂಗ್ಳು ವಿಷ ಕುಡ್ಸಿದ್ದು ಸಾಲ್ದಾ? ಈಗ ನಮ್ ನೀರ ಚೆಲ್ಲಕ ನಿಂತಿದ್ದೀಯಾ?’ ಶಿವರಂಜಿನಿ ಕೂಗಿದಳು.

ಪುಟ್ಟಸಿದ್ದಮ್ಮ ಖಾಲಿ ಬಾಟಲಿ ಕೆಳಗಿಟ್ಟರು. ‘ಬೈಯಿ ಕಣಮ್ಮಿ, ಎಷ್ಟಾದ್ರೂ ಬೈಯಿ. ನಿಮ್ ಕೊಳಗ್ಗ ಕಲಾಯಿ ಹಾಕ್ದೋನು ಯಾರು ಅಂತ ಮೊದ್ಲು ಯೋಳು.’

ಯುಗಾದಿಗೆ ಬಂದಿದ್ದವನು ಒಬ್ಬನೇ, ಊರ ಪಾತ್ರೆಗಳನ್ನೆಲ್ಲ ಬೆಳಗಿ ಹೋದವನೂ ಅವನೇ. ತಾಯಂದಿರು ಮನೆಗೆ ಹೋದವರು ಸೊಂಟದ ಮೇಲೆ ಕೊಳಗ ಹೊತ್ತುಕೊಂಡು ತಿರುಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಗನವಾಡಿಯ ಮುಂದೆ ಮೂವತ್ತೇಳು ಪಾತ್ರೆಗಳ ಸಾಲು. ಸಾಲಿನ ಕೊನೆಯಲ್ಲಿ ಗುರುಮಲ್ಲಯ್ಯ ತನ್ನ ಪ್ಲಾಸ್ಟಿಕ್ ಬಿಂದಿಗೆ ಹಿಡಿದು ನಿಂತಿದ್ದ. ‘ಇದ್ಕ ಕಲಾಯಿ ಹಾಕಿಲ್ಲ ಸಾ, ಆದ್ರೂ ನೋಡ್ಬುಡಿ’ ಎಂದು ಹಲ್ಲು ಕಿರಿದ. ಬದುಕಿನಲ್ಲಿ ಮೊದಲ ಸಲ ಅವನ ಬಿಂದಿಗೆಯನ್ನು ಊರವರು ಹೊಟ್ಟೆಕಿಚ್ಚಿನಿಂದ ನೋಡಿದರು.

ಮತ್ತೆ ಎಂಟು ದಿನ ಕಾಯುವ ಕೆಲಸ. ಊರೆಲ್ಲ ನಲ್ಲಿಯಿಂದ ನೇರವಾಗಿ ಕುಡಿಯಿತು. ಅಂಗನವಾಡಿಯಲ್ಲಿ ಭವ್ಯ ನೀರು ಕೊಡುತ್ತಿದ್ದಳು. ಪುಟ್ಟಸಿದ್ದಮ್ಮ ಡ್ರಮ್ಮು ಉಜ್ಜಿ ತುಂಬಿಸಿಟ್ಟು, ಮಕ್ಕಳು ಬರುವ ಹೊತ್ತಿಗೆ ತಾವಾಗಿಯೇ ಒಲೆಯ ಹತ್ತಿರ ಸರಿದುಬಿಡುತ್ತಿದ್ದರು. ಕೇಳಿದರೆ ‘ಅವ್ರವ್ವಂದ್ರು ಒಪ್ಪನ ತಂಕ ಬ್ಯಾಡ ಸಾ’ ಎನ್ನುತ್ತಿದ್ದರು.

ವರದಿಯನ್ನು ನಾನು ಅಂಗನವಾಡಿಯ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಮೂವತ್ತೇಳರಲ್ಲಿ ಇಪ್ಪತ್ತೊಂಬತ್ತು ಪಾತ್ರೆಗಳ ನೀರಿನಲ್ಲಿ ಸೀಸ. ಎಲ್ಲಕ್ಕಿಂತ ಹೆಚ್ಚು, ಒಂಬತ್ತು ಪಟ್ಟು, ಶಿವರಂಜಿನಿಯ ಮನೆಯ ಕೊಳಗದಲ್ಲಿ. ಪ್ಲಾಸ್ಟಿಕ್ ಬಿಂದಿಗೆಯದು ಚೊಕ್ಕ ಎಂದಾಗ ಗುರುಮಲ್ಲಯ್ಯ ತಾನೇ ಚಪ್ಪಾಳೆ ತಟ್ಟಿಕೊಂಡ. ಬೇರೆ ಯಾರೂ ತಟ್ಟಲಿಲ್ಲ.

ಶಿವರಂಜಿನಿ ಮಗಳನ್ನು ಎತ್ತಿಕೊಂಡು ಒಳಗೆ ಬಂದಳು. ಒಲೆಯ ಹತ್ತಿರ ನಿಂತಿದ್ದವರನ್ನು ನೋಡಿ, ‘ಮಗೀಗ ಬಾಯಾರದ, ನೀರ ಕೊಡು ಅತ್ತೆ’ ಎಂದಳು. ಪುಟ್ಟಸಿದ್ದಮ್ಮ ಡ್ರಮ್ಮಿನಿಂದ ಒಂದು ಲೋಟ ಹಿಡಿದು ತಂದರು. ಮಗುವಿಗೆ ಕೊಡಲಿಲ್ಲ, ತಾಯಿಯ ಮುಂದೆ ಹಿಡಿದರು.

‘ನೀ ಮೊದ್ಲು ಕುಡ್ದು ನೋಡು ಕಣಮ್ಮಿ. ಆಮೇಕ ಮಗೀಗ ಕೊಡು.’

ಶಿವರಂಜಿನಿ ಲೋಟ ಮುಟ್ಟಲಿಲ್ಲ. ಮಗಳನ್ನು ಪುಟ್ಟಸಿದ್ದಮ್ಮನ ತೋಳಿಗೆ ಕೊಟ್ಟಳು. ಮಗು ಎರಡೂ ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿಯಿತು.